ಭಾನುವಾರ ಕಳೆ ಎಣಿಕೆ: ಭತ್ತದ ತಳಿ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಯಾವ ಭತ್ತದ ತಳಿ ಕಳೆಯನ್ನು ಹೆಚ್ಚು ಅಡಗಿಸುತ್ತದೆ ಎಂದು ಹೋಲಿಸಿ ನೋಡಲು ರಾಜಮುಡಿ, ರತ್ನಚೂಡಿ, ಜಯ, ಐಆರ್ 64 ತಳಿ ಬಿತ್ತಿದವರಿಗೆ ಈ ಸೂಚನೆ. ಭಾನುವಾರಕ್ಕೆ ಬಿತ್ತಿ 30 ದಿನ ತುಂಬುತ್ತದೆ. ಬೆಳಿಗ್ಗೆ 7ಕ್ಕೆ ಗದ್ದೆ ಹತ್ತಿರ ಬನ್ನಿ.

ಅಲ್ಲಿವರೆಗೆ ಗುರುತು ಹಾಕಿದ ಮಡಿಗಳಲ್ಲಿ ಕಳೆ ಕೀಳಬೇಡಿ, ಕಳೆನಾಶಕವಂತೂ ಬೇಡವೇ ಬೇಡ. ಕಳೆ ನೋಡಿದರೆ ಕೈ ಸುಮ್ನೆ ಇರುವುದಿಲ್ಲ, ಗೊತ್ತು. ಆದರೆ ಒಂದು ಮಡಿ ಕಿತ್ತರೂ ಹೋಲಿಕೆ ಕೆಡುತ್ತದೆ.

ಪ್ರತಿ ಮಡಿಯಲ್ಲಿ 1 ಮೀಟರ್ ಚೌಕ ಇಟ್ಟು ಕಳೆ ಎಣಿಸಿ, ಬುಡಕ್ಕೆ ಕೊಯ್ದು, ತಳಿಯ ಹೆಸರು ಬರೆದ ಚೀಲಕ್ಕೆ ಹಾಕಿ. ಒಣಗಿಸಿ ತೂಗೋಣ. ಭತ್ತದ ಹಾಗೇ ಕಾಣುವ ಹುಲ್ಲು ಇದೆಯಲ್ವಾ, ಜೋಪಾನ! ಎಲೆ ಕಾಂಡಕ್ಕೆ ಸೇರುವ ಕಡೆ ಭತ್ತಕ್ಕೆ ತೆಳು ಪೊರೆ ಇರುತ್ತದೆ, ಆ ಹುಲ್ಲಿಗೆ ಇರುವುದಿಲ್ಲ. ಪೈರಿನ ಎತ್ತರವನ್ನೂ ಬರೆದಿಡಿ, ನೆರಳು ಕೂಡ ಕಳೆ ಅಡಗಿಸುತ್ತದೆ.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.