ಅಮ್ಮಮ್ಮನ ಅಳತೆಗಳನ್ನು ಬರೆದಿಡು

ಶಿರಸಿ

ಪ್ರಿಯ ಗೆಳೆಯಾ,

ಅಮ್ಮಮ್ಮನ ವರ್ಷಾಂತದ ತಿಥಿಗೆ ಅಚ್ಚು ಹಾಕಿಸಬೇಕೆಂದಿರುವ ಪುಸ್ತಿಕೆಯ ಕರಡು ತಲುಪಿತು. ಎರಡು ಸಲ ಓದಿದೆ. ‘ಮಮತೆಯ ಮೂರ್ತಿ’, ‘ತಾಳ್ಮೆಯ ಗಣಿ’, ‘ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸದ ಕೈ’. ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ಹೆಸರು ಬದಲಿಸಿದರೆ ಈ ನಾಲ್ಕು ಪುಟ ನಮ್ಮ ಸೀಮೆಯ ಯಾವ ಮನೆಯ ಅಜ್ಜಿಗೂ ಒಪ್ಪುತ್ತದೆ. ತೊಂಬತ್ತು ದಾಟಿ ಬಾಳಿದ ಜೀವ ತೋಟ, ಕೊಟ್ಟಿಗೆ, ಒಲೆಗಳ ನಡುವೆ ಏನು ಮಾಡಿತು, ಎಷ್ಟು ಹಾಕಿತು, ಯಾವ ಹದಕ್ಕೆ ಕೈ ತೆಗೆಯಿತು ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಅದನ್ನು ಬರೆ. ನಿನಗೆ ಅರ್ಧ ನೆನಪಿದೆ, ಉಳಿದರ್ಧಕ್ಕೆ ಈ ಪತ್ರ ಒದಗಲಿ.

ಮೊದಲು ಹುಟ್ಟಿದ ವರ್ಷ. ನೀನು ‘ಸುಮಾರು 1930’ ಎಂದಿದ್ದೀಯ. ಅವರು ಹೇಳುತ್ತಿದ್ದುದು ‘ಕರನಿರಾಕರಣೆಯ ಜಪ್ತಿ ನಡೆದ ಹಿಂದುಮುಂದು’ ಎಂದು. ಸಿದ್ದಾಪುರ, ಅಂಕೋಲಾ ಸೀಮೆಯಲ್ಲಿ ಬ್ರಿಟಿಷ್ ಸರಕಾರಕ್ಕೆ ಕಂದಾಯ ಕೊಡದ ಈ ಚಳವಳಿ 1930–31ರಲ್ಲಿ ಒಮ್ಮೆ, 1932ರಲ್ಲಿ ಮತ್ತೊಮ್ಮೆ ನಡೆಯಿತು. ಅವರ ತವರು ಸಿದ್ದಾಪುರದ ಕಡೆಯದು. ಹಾಗಾಗಿ ಅವರ ಮಾತನ್ನೇ ಹಾಕಿ ಪಕ್ಕದಲ್ಲಿ ಈ ಇಸವಿಗಳನ್ನು ಕೊಡು, ‘ಸುಮಾರು’ ಬೇಡ. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಮರುವರ್ಷ ಆಣೆ ಹೋಗಿ ನಯಾಪೈಸೆ ಬಂತು, ಆಮೇಲೆ ಸೇರು ಹೋಗಿ ಕಿಲೋ ಬಂತು. ಅವರ ಅಡುಗೆಮನೆಯಲ್ಲಿ ಮಾತ್ರ ಅಕ್ಕಿ ಅಳೆಯುವ ಸಿದ್ದೆ ಕದಲಲಿಲ್ಲ.

ಆ ಸಿದ್ದೆ ಈಗಲೂ ಅಕ್ಕಿ ಡಬ್ಬದೊಳಗೇ ಇದ್ದರೆ ಪುಸ್ತಿಕೆಯ ಕೆಲಸಕ್ಕೂ ಮೊದಲು ಅದನ್ನು ಹೊರಗೆ ತೆಗೆ. ಅದರ ತುಂಬ ಅಕ್ಕಿ ಅಳೆದು ತೂಗು, ಹರಳುಪ್ಪು ಅಳೆದು ತೂಗು, ಒಣಮೆಣಸು ಅಳೆದು ತೂಗು. ಮೂರೂ ಬೇರೆ ಬೇರೆ ತೂಕ ಬರುತ್ತವೆ. ಸಿದ್ದೆಯೂ ಮನೆಯಿಂದ ಮನೆಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ನಿಮ್ಮ ಮನೆಯ ಸಿದ್ದೆಯ ತೂಕ ಗೊತ್ತಿಲ್ಲದೆ ಅಮ್ಮಮ್ಮ ಹೇಳಿಹೋದ ಯಾವ ಅಳತೆಯೂ ಮುಂದಿನವರ ಕೈಗೆ ಸಿಗುವುದಿಲ್ಲ.

ಈಗ ಮಾವಿನ ಮಿಡಿಯ ವಿಷಯ. ‘ಅವರು ಹಾಕಿದ ಮಿಡಿ ಉಪ್ಪಿನಕಾಯಿ ಮೂರು ವರ್ಷವಾದರೂ ಕೆಡುತ್ತಿರಲಿಲ್ಲ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀಯ. ನನ್ನನ್ನು ಕೇಳಿದರೆ ಪುಸ್ತಿಕೆಯ ಒಂದು ಇಡೀ ಪುಟ ಇದಕ್ಕೇ ಹೋಗಬೇಕು. ಅದು ಕೆಡದೇ ಉಳಿದದ್ದು ಕೈಗುಣದಿಂದಲ್ಲ, ಹತ್ತು ಕಡೆ ಹತ್ತು ಎಚ್ಚರ ವಹಿಸಿದ್ದರಿಂದ.

ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವು) ಕೊಯ್ಯುವುದು ಗೊರಟಿನ ಚಿಪ್ಪು ಕಟ್ಟುವ ಮೊದಲು. ಒಂದು ಮಿಡಿ ಸೀಳಿ ಒಳಗಿನ ಬೀಜಕ್ಕೆ ಉಗುರು ಒತ್ತಿದರೆ ಮೆತ್ತಗೆ ಇಳಿಯಬೇಕು. ಚಿಪ್ಪು ಗಟ್ಟಿಯಾದ ಮಿಡಿ ಉಪ್ಪಿನಲ್ಲಿ ಸರಿಯಾಗಿ ಮುರುಟುವುದಿಲ್ಲ. ಮರ ಅಲುಗಿಸಿ ಉದುರಿಸಿದ್ದನ್ನು ಅವರು ಮುಟ್ಟುತ್ತಿರಲಿಲ್ಲ. ನೆಲಕ್ಕೆ ಬಿದ್ದ ಪೆಟ್ಟು ಹೊರಗೆ ಕಾಣದಿದ್ದರೂ ಜಾಡಿಯಲ್ಲಿ ಮೊದಲು ಮೆತ್ತಗಾಗುವುದು ಆ ಜಾಗವೇ, ಅಲ್ಲಿಂದ ಇಡೀ ಜಾಡಿಗೆ ಹಬ್ಬುತ್ತದೆ. ಅದಕ್ಕೇ ಮರ ಹತ್ತಿದವ ಗೊಂಚಲು ಸಮೇತ ಕೊಯ್ದು ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ಆಮೇಲೆ ಒಂದೊಂದೇ ಮಿಡಿಯನ್ನು ಅರ್ಧ ಅಂಗುಲ ತೊಟ್ಟು ಉಳಿಸಿ ಬಿಡಿಸುವುದು. ತೊಟ್ಟು ಬುಡಕ್ಕೇ ಕಿತ್ತರೆ ಸೊನೆ ಸೋರಿಹೋಗುತ್ತದೆ. ಜೀರಿಗೆಯಂಥ, ಕರ್ಪೂರದಂಥ ಪರಿಮಳವೆಲ್ಲ ಇರುವುದು ಆ ಸೊನೆಯಲ್ಲೇ. ಅದೇ ಸೊನೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಗಾಯವಾಗುತ್ತದೆ, ಹಾಗಾಗಿ ಬಿಡಿಸಲು ಕೂರುವ ಮೊದಲು ಕೈಗೆ ಕೊಬ್ಬರಿ ಎಣ್ಣೆ.

ತೊಳೆದ ಮಿಡಿಯನ್ನು ನೆರಳಲ್ಲಿ ಹರಡಿ, ಬಟ್ಟೆಯಲ್ಲಿ ಒರೆಸಿ, ನೀರಿನ ಪಸೆ ಪೂರ್ತಿ ಆರಿದ ಮೇಲೆ ಉಪ್ಪು. ನಾಲ್ಕು ಕಿಲೋ ಮಿಡಿಗೆ ಒಂದು ಕಿಲೋ ಹರಳುಪ್ಪು. ಜಾಡಿಯ ತಳಕ್ಕೆ ಒಂದು ಪದರ ಉಪ್ಪು, ಮೇಲೆ ಮಿಡಿ, ಮತ್ತೆ ಉಪ್ಪು, ಹೀಗೆ ತುಂಬಿ ಕೊನೆಗೆ ಬಾಯಿಯ ಹತ್ತಿರ ಒಂದು ಹಿಡಿ ಹೆಚ್ಚು. ಮೊದಲ ವಾರ ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಕೆಳಗಿನದನ್ನು ಮೇಲೆ ಮಾಡಬೇಕು. ಉಪ್ಪು ಮಿಡಿಯ ನೀರನ್ನು ಎಳೆಯುತ್ತದೆ, ಹತ್ತು ಹದಿನೈದು ದಿನಕ್ಕೆ ಮಿಡಿ ಮುರುಟಿ ಆ ನೀರಿನಲ್ಲಿ ಮುಳುಗುತ್ತದೆ. ಮುಳುಗಲೇಬೇಕು. ತೇಲಿದ ಮಿಡಿಗೆ ಗಾಳಿ ತಾಗಿ ಬಿಳಿ ಪದರ ಕಟ್ಟುತ್ತದೆ, ಅದಕ್ಕೇ ಮೇಲೊಂದು ತೊಳೆದು ಒಣಗಿಸಿದ ಕಲ್ಲಿನ ಭಾರ. ಆ ಕಲ್ಲೂ ನಿಮ್ಮ ಅಟ್ಟದ ಮೇಲೆ ಜಾಡಿಯ ಪಕ್ಕದಲ್ಲೇ ಇರಬೇಕು, ಯಾರಾದರೂ ಎಸೆಯುವ ಮೊದಲು ಎತ್ತಿಡು.

ಮಿಡಿ ಮುರುಟಿದ ಮೇಲೆ ಉಪ್ಪುನೀರನ್ನು ಬಸಿದು ಕುದಿಸುವುದು, ಮೇಲೆ ಬಂದ ನೊರೆ ತೆಗೆಯುವುದು, ಬಟ್ಟೆಯಲ್ಲಿ ಸೋಸಿ ರಾತ್ರಿಯಿಡೀ ತಣಿಸುವುದು. ಮಸಾಲೆ ಅರೆಯಲು ಈ ನೀರೇ, ಹಸಿನೀರಿನ ಒಂದು ಹನಿಯೂ ಇಲ್ಲ. ನಾಲ್ಕು ಕಿಲೋ ಮಿಡಿಗೆ ಅರ್ಧ ಕಿಲೋದಷ್ಟು ಒಣಮೆಣಸು (ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಬೇರೆಯದು), ಕಾಲು ಕಿಲೋ ಸಾಸಿವೆ, ಐವತ್ತು ಗ್ರಾಂ ಅರಿಶಿನ. ಮೆಣಸು, ಸಾಸಿವೆ ಎರಡೂ ಬಿಸಿಲಿಗೆ ಗರಿಯಾಗಬೇಕು. ಬಹಳ ಜನ ಅವಸರ ಮಾಡಿ ಕೆಡಿಸುವುದು ಇಲ್ಲೇ: ಉಪ್ಪುನೀರು ಇನ್ನೂ ಬೆಚ್ಚಗಿರುವಾಗಲೇ ಸಾಸಿವೆ ಅರೆಯುತ್ತಾರೆ. ಬಿಸಿಗೆ ಸಾಸಿವೆಯ ಘಾಟು ಸತ್ತು ಕಹಿ ಮಾತ್ರ ಉಳಿಯುತ್ತದೆ. ಬೀಸುವ ಕಲ್ಲಿನ ಪಕ್ಕ ಕೂತು ಅಮ್ಮಮ್ಮ ಪಾತ್ರೆಯ ಹೊರಮೈಗೆ ಅಂಗೈ ಹಚ್ಚಿ ನೋಡುತ್ತಿದ್ದುದು ಇದಕ್ಕೇ. ಮಸಾಲೆ ಬೆರೆಸಿದ ಮೇಲೆ ಒಂದು ತಿಂಗಳು ಜಾಡಿ ಬಿಚ್ಚುವಂತಿಲ್ಲ.

ನಿಮ್ಮ ಮನೆಯ ಮರದ ತಳಿ ಯಾವುದೆಂದೂ ಕೇಳಿ ಬರೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲ ಎಂದು ನಮ್ಮಲ್ಲಿ ಹೆಸರಿರುವ ಮಿಡಿಗಳೇ ಎಷ್ಟೋ ಇವೆ. ಹೆಸರಿಲ್ಲದ ಹೊಳೆದಂಡೆಯ ಮರವಾದರೆ ಎಲ್ಲಿದೆ ಎಂದಾದರೂ ದಾಖಲಿಸು. ಗೊರಟು ನೆಟ್ಟರೆ ಅದೇ ಗುಣ ಬರುತ್ತದೆಂಬ ಭರವಸೆಯಿಲ್ಲ, ಕಸಿಯೇ ಕಟ್ಟಬೇಕು. ಮರ ಬಿದ್ದ ಮೇಲೆ ಯಾರೂ ಏನೂ ಮಾಡಲಾರರು.

ಅಡಿಕೆಯ ಬಗ್ಗೆ ಪುಸ್ತಿಕೆಯಲ್ಲಿ ಅಜ್ಜನ ಹೆಸರಷ್ಟೇ ಬಂದಿದೆ. ಕೊನೆಗೌಡ ಮರ ಹತ್ತಿದ, ಕೆಳಗೊಬ್ಬ ಕೊನೆ ಇಳಿಸುವ ಹಗ್ಗ ಹಿಡಿದ, ಅಜ್ಜ ಪೇಟೆಗೆ ಒಯ್ದರು. ಇದರ ನಡುವೆ ಇರುವುದೆಲ್ಲ ಅಮ್ಮಮ್ಮನದು. ದೀಪಾವಳಿ ಕಳೆದು ಕೊಯ್ಲು ಶುರುವಾದರೆ ಶಿವರಾತ್ರಿಯ ಆಚೀಚೆಯವರೆಗೂ ರಾತ್ರಿ ಮೆಟ್ಟುಗತ್ತಿಯ ಮುಂದೆ. ಕತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಅಡಿಕೆಯ ಸಿಪ್ಪೆಯನ್ನು ಅಲಗಿಗೆ ಕೊಟ್ಟು ತಿರುಗಿಸಿ ಬಿಡಿಸುವ ಕೆಲಸ. ಅಲಗು ಆಳಕ್ಕೆ ಹೋದರೆ ಒಳಗಿನ ಅಡಿಕೆಗೇ ಗಾಯ, ಗಾಯವಾದದ್ದು ಬೇಯುವಾಗ ಸೀಳುತ್ತದೆ, ಸೀಳಿದ್ದು ಬೇರೆ ದರಕ್ಕೆ ಹೋಗುತ್ತದೆ. ಬೆರಳಿಗೆ ಹತ್ತಿದ ಚೊಗರು (ಅಡಿಕೆಯ ಒಗರು ರಸ) ಕೊಯ್ಲು ಮುಗಿದರೂ ವಾರಗಟ್ಟಲೆ ಹೋಗುವುದಿಲ್ಲ. ನಿನ್ನ ಬಳಿ ಇರುವ ಆ ಮದುವೆಮನೆಯ ಫೋಟೋದಲ್ಲಿ ಅವರ ಬೆರಳ ತುದಿ ಕಪ್ಪಗಿರುವುದನ್ನು ಅಚ್ಚಿನವರು ತಿದ್ದಿ ಬೆಳ್ಳಗೆ ಮಾಡದಂತೆ ನೋಡಿಕೋ.

ಸುಲಿದದ್ದನ್ನು ಹೆಚ್ಚು ಹೊತ್ತು ಇಡುವಂತಿಲ್ಲ, ಆ ರಾತ್ರಿಯೇ ಅಥವಾ ಮರುಬೆಳಗ್ಗೆ ಹಂಡೆಗೆ. ಬೇಯಿಸುವ ನೀರಿಗೆ ಹಿಂದಿನ ಸಲದ ಚೊಗರು ಸೇರಿಸಿದರೆ ಬಣ್ಣ ಬರುತ್ತದೆ. ಬೆಂದಿತೋ ಇಲ್ಲವೋ ನೋಡುವುದು ಅಡಿಕೆಯ ಕಣ್ಣಿನಲ್ಲಿ: ಕಣ್ಣು ಕಳಚಿ ಬರುವ ಹದಕ್ಕೆ ಬೆಂಕಿ ಹಿಂದೆ ಎಳೆಯಬೇಕು. ಬೇಗ ಇಳಿಸಿದರೆ ಒಳಗೆ ಬಿಳಿ ಉಳಿದು ಮಳೆಗಾಲದಲ್ಲಿ ಹುಳ ಬೀಳುತ್ತದೆ. ಆಮೇಲೆ ಅಂಗಳದ ಅಟ್ಟದ ತಟ್ಟಿಯ ಮೇಲೆ ಒಂದು ವಾರದ ಬಿಸಿಲು. ನಡುವೆ ಮೋಡ ಕವಿದರೆ ರಾಶಿ ಮಾಡಬಾರದು, ತೆಳ್ಳಗೆ ಹರಡಿಯೇ ಇಡಬೇಕು, ಇಲ್ಲವಾದರೆ ಒಂದೇ ರಾತ್ರಿಗೆ ಬೂಷ್ಟು. ಬೇಯಿಸದೆ ಒಣಗಿಸುವ ಚಾಲಿಯ ದಾರಿ ಬೇರೆ. ಹಣ್ಣಾದ ಗೋಟನ್ನು ಸಿಪ್ಪೆ ಸಮೇತ ನಲವತ್ತು ನಲವತ್ತೈದು ದಿನ ಒಣಗಿಸಿ ಆಮೇಲೆ ಸುಲಿಯುವುದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಕಡಕಡ ಎಂದರೆ ಒಣಗಿದೆ ಎಂದರ್ಥ.

ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಂದು ಪೇಟೆಯಲ್ಲಿ ದರ ಕೂಗುವ ಮೊದಲೇ ಮನೆಯ ಜಗಲಿಯಲ್ಲಿ ಅದನ್ನು ಬೇರೆ ಮಾಡಿಟ್ಟವರು ಅವರು. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಕ ಸಿಕ್ಕಿತಲ್ಲ, ಆ ಗುಣವನ್ನು ಇಷ್ಟು ಕಾಲ ಕಾಯ್ದುಕೊಂಡು ಬಂದದ್ದು ಇಂಥ ಕೈಗಳೇ. ಪುಸ್ತಿಕೆಯಲ್ಲಿ ಇದನ್ನು ಒಂದು ವಾಕ್ಯವಾಗಿಯಾದರೂ ಸೇರಿಸು, ಇದು ನನ್ನ ಒತ್ತಾಯ.

ಮಳೆಗಾಲದ ಮದ್ದಿನ ವಿಷಯವೂ ಬಿಟ್ಟುಹೋಗಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮುಂಗಾರಿನ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರ ಹತ್ತಿ ಹೊಡೆಯುವುದು ಗಂಡಸರ ಕೆಲಸವಾದರೂ ಸುಣ್ಣ ಅರಳಿಸಿ ಸೋಸಿ ಕೊಡುವುದು, ಹದ ನೋಡುವುದು ಅವರದು. ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಹಿಡಿದಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಕೆಂಪು ಹಿಡಿಯುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಬೇಕು. ಕಲಸಿದ್ದನ್ನು ಅಂದೇ ಮುಗಿಸಬೇಕು, ನಾಳೆಗಿಟ್ಟರೆ ಅದು ಕಾಯಿಗೆ ಅಂಟುವುದಿಲ್ಲ.

ಬೆಟ್ಟದ ದರಕು (ಉದುರಿದ ಒಣ ಎಲೆ), ಕೊಟ್ಟಿಗೆ, ಗೊಬ್ಬರದ ಬಗ್ಗೆ ನೀನೇ ಚೆನ್ನಾಗಿ ಬರೆದಿದ್ದೀಯ, ಎರಡೇ ಮಾತು ಸೇರಿಸುತ್ತೇನೆ. ಒಂದು ಎಕರೆ ಅಡಿಕೆ ತೋಟಕ್ಕೆ ಹೆಚ್ಚೆಂದರೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ (ಗೊಬ್ಬರಕ್ಕೆ ಸೊಪ್ಪು, ದರಕು ತರುವ ಕಾಡು) ಹಕ್ಕು ನಮ್ಮ ಘಟ್ಟದ ಮೇಲಿನವರಿಗಿದೆ ಎಂಬುದನ್ನು ಹೊರಗಿನ ಓದುಗರಿಗಾಗಿ ಹೇಳು, ಇಲ್ಲದಿದ್ದರೆ ಅವರು ಅಷ್ಟು ದೂರ ಏಕೆ ಹೋಗುತ್ತಿದ್ದರೆಂದು ತಿಳಿಯುವುದಿಲ್ಲ. ಇನ್ನೊಂದು, ಬೆಳಕು ಹರಿಯುವ ಮೊದಲೇ ದರಕಿಗೆ ಹೊರಡುತ್ತಿದ್ದುದಕ್ಕೆ ಕಾರಣ ಇಬ್ಬನಿ. ಒದ್ದೆ ಎಲೆ ಮೆತ್ತಗಿರುತ್ತದೆ, ಮುರಿಯುವುದಿಲ್ಲ, ಹೆಡಿಗೆಯಲ್ಲಿ ತುಳಿದು ತುಂಬಬಹುದು. ಬಿಸಿಲೇರಿದ ಮೇಲೆ ಅದೇ ಹೆಡಿಗೆಗೆ ಅರ್ಧದಷ್ಟೂ ಹಿಡಿಯುವುದಿಲ್ಲ. ನೀನು ಬರೆದಂತೆ ‘ಬೆಳಗಿನ ತಂಪನ್ನು ಸವಿಯಲು’ ಅಲ್ಲ.

ಕಾಡಿನ ಹುಳಿಹಣ್ಣು ಉಪ್ಪಾಗೆಯನ್ನು ಮರೆಯಬೇಡ. ಅದು ಹಣ್ಣಾಗುವುದೇ ಜಡಿಮಳೆಯಲ್ಲಿ, ಬಿಸಿಲಿನ ಮಾತೇ ಇಲ್ಲ. ಸಿಪ್ಪೆಯನ್ನು ಒಲೆಯ ಮೇಲಿನ ತಟ್ಟಿಯಲ್ಲಿ ಹರಡಿ ಹೊಗೆಗೆ ಒಣಗಿಸಬೇಕು. ಬೀಜವನ್ನು ಒಣಗಿಸಿ ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ, ತಣಿದ ಮೇಲೆ ಗಟ್ಟಿಯಾದದ್ದನ್ನು ಎತ್ತಿಕೊಳ್ಳುವುದು. ಅದೇ ಉಪ್ಪಾಗೆ ತುಪ್ಪ. ದೋಸೆಯ ಕಾವಲಿಗೂ ಒಡೆದ ಹಿಮ್ಮಡಿಗೂ ಅವರು ಬಳಸುತ್ತಿದ್ದುದು ಒಂದೇ ಡಬ್ಬಿಯಿಂದ.

ಇಷ್ಟರಲ್ಲಿ ತಪ್ಪಿದ್ದರೆ, ಬಿಟ್ಟುಹೋಗಿದ್ದರೆ ಅಚ್ಚಿಗೆ ಮೊದಲು ಅವರ ಜೊತೆ ಕೂತು ಅಡಿಕೆ ಸುಲಿದ ಹೆಂಗಸರನ್ನು ಕೇಳು. ಊರಿನಲ್ಲಿ ಇನ್ನೂ ಇಬ್ಬರಿದ್ದಾರೆ. ಬರಿದೇ ‘ಅಮ್ಮಮ್ಮ ಹೇಗಿದ್ದರು’ ಎಂದು ಕೇಳಬೇಡ, ‘ಒಳ್ಳೆಯವರಿದ್ದರು’ ಎಂದಷ್ಟೇ ಹೇಳಿಯಾರು. ‘ಹಂಡೆಗೆ ಎಷ್ಟು ಅಡಿಕೆ ಹಾಕುತ್ತಿದ್ದರು’ ಎಂದು ಕೇಳು.

ಅಟ್ಟದ ಮೇಲೆ ಅವರ ಕೈಯ ಕಡೆಯ ಜಾಡಿ ಇದೆ ಎಂದೆಯಲ್ಲ. ಬಟ್ಟೆ ಬಿಚ್ಚಿದಾಗ ಮೇಲೆ ತೆಳ್ಳಗೆ ಬಿಳಿ ಪದರವಷ್ಟೇ ಕಂಡರೆ ಗಾಬರಿ ಬೇಡ. ಅದನ್ನೂ ಅದರ ಕೆಳಗಿನ ಒಂದು ಸಾಲು ಮಿಡಿಯನ್ನೂ ತೆಗೆದು ಚೆಲ್ಲು. ಉಳಿದ ಮಿಡಿ ಗಟ್ಟಿಯಾಗಿದ್ದು ಪರಿಮಳ ಸರಿಯಿದ್ದರೆ, ಚೆನ್ನಾಗಿ ಉಪ್ಪು ಹಾಕಿ ಕುದಿಸಿ ಪೂರ್ತಿ ತಣಿಸಿದ ನೀರನ್ನು ಮಿಡಿ ಮುಳುಗುವಷ್ಟು ಎರೆ. ಕಪ್ಪು ಅಥವಾ ಹಸಿರು ಬೂಷ್ಟು ಕಂಡರೆ ಮಾತ್ರ ಮನಸ್ಸು ಗಟ್ಟಿ ಮಾಡಿ ಚೆಲ್ಲಿಬಿಡು. ತಿಥಿಯ ಎಲೆಗೆ ಒಣಮೆಣಸು ಬಾರದು, ಮರುದಿನದ ಊಟಕ್ಕೆ ಬಡಿಸು. ಬೇಕಾದಷ್ಟನ್ನು ಒಣ ಸೌಟಿನಲ್ಲಿ ಬೇರೆ ಪಾತ್ರೆಗೆ ತೆಗೆದುಕೋ, ಜಾಡಿಯನ್ನೇ ಪಂಕ್ತಿಗೆ ಒಯ್ಯಬೇಡ. ಆಮೇಲೆ ಮೊದಲಿನ ಹಾಗೆ ಹತ್ತಿಬಟ್ಟೆ ಕಟ್ಟಿ ಮೇಲಿಡು.

ನಿನ್ನ ಗೆಳೆಯ