ರವಿಕೆಯ ವಿಷಯ, ಸುಮಿಗೆ

ಸುಮಿ,

ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ನಗುತ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ನಿನ್ನ ಪೂರ್ತಿ ಹೆಸರು ಹಾಕಿಲ್ಲ. ನೀಲಿ ರವಿಕೆ ಪ್ರಕರಣವನ್ನೂ ಎತ್ತುವುದಿಲ್ಲ. ಟೈಲರ್ ಮಾಮ ಬದುಕಿಕೊಳ್ಳಲಿ.

ಸುಮ್ನೆ ಈ ಬ್ಲೌಸಿನ ಮೂಲ ಹುಡುಕುತ್ತಾ ಕೂತಿದ್ದೆ. ಕುಪ್ಪಸ ನಮಗೇನೂ ಹೊಸದಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುವುದೇ ಅದಕ್ಕೆ. ಆದರೆ ಬ್ಲೌಸು, ಒಳಗೊಂದು ಲಂಗ, ಎಡಹೆಗಲ ಮೇಲೆ ಸೆರಗು, ಈ ಪೂರ್ತಿ ಸೆಟ್ಟು ಹರಡಿದ್ದರಲ್ಲಿ ಒಬ್ಬ ಬಂಗಾಳಿ ಹೆಣ್ಣುಮಗಳ ಕೈ ದೊಡ್ಡದು. ಜ್ಞಾನದಾನಂದಿನಿ ದೇವಿ. ಬ್ರಿಟಿಷರ ಕಾಲದ ದೊಡ್ಡ ಸರ್ಕಾರಿ ನೌಕರಿ ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರ ಹೆಂಡತಿ. ಆಗ ಬಂಗಾಳದ ದೊಡ್ಡ ಮನೆಗಳಲ್ಲಿ ಹೆಂಗಸರಿಗೆ ಒಂದು ಸೀರೆ, ಅಷ್ಟೇ. ಹೊಸ್ತಿಲು ದಾಟುವ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಅದು ಸಾಕಿತ್ತು. ಈಕೆ 1860ರ ದಶಕದಲ್ಲಿ ಗಂಡನ ಜೊತೆ ಬೊಂಬಾಯಿಗೆ ಹೊರಟಳು. ಅಲ್ಲಿನ ಪಾರ್ಸಿ ಹೆಂಗಸರನ್ನು ನೋಡಿ ಉಡುವ ರೀತಿ ಬದಲಿಸಿಕೊಂಡಳು. ಸೆರಗು ಎಡಕ್ಕೆ ಬಂತು, ಬಲಗೈ ಬಿಡುವಾಯಿತು. ಕಲ್ಕತ್ತೆಯಲ್ಲಿ ಇದಕ್ಕೆ ಬ್ರಾಹ್ಮಿಕಾ ಸೀರೆ, ಅಂದರೆ ಬ್ರಾಹ್ಮೋ ಸಮಾಜದ ಹೆಂಗಸರ ಸೀರೆ, ಅಂದರು. ಕಲಿಯುವವರು ಬನ್ನಿ ಅಂತ ಪತ್ರಿಕೆಯಲ್ಲಿ ಜಾಹೀರಾತು ಬೇರೆ ಕೊಟ್ಟಿದ್ದಳಂತೆ. ನೀನಾಗಿದ್ದರೆ ಫೀಸು ಇಡುತ್ತಿದ್ದೆ.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಓದುತ್ತಾ ಓದುತ್ತಾ ಕೇರಳದ ಕಡೆಯ ಹಳೇ ತಿರುವಾಂಕೂರು ಸಂಸ್ಥಾನಕ್ಕೆ ಹೋಗಿಬಿಟ್ಟೆ. ಅಲ್ಲಿ ನಾಡಾರ್ ಹೆಂಗಸರು ಮೇಲ್ಜಾತಿಯವರೆದುರು ಎದೆ ಮುಚ್ಚಿಕೊಳ್ಳುವಂತಿರಲಿಲ್ಲ. ಮುಚ್ಚಿಕೊಂಡು ಹೊರಗೆ ಬಂದವರ ಬಟ್ಟೆ ಹರಿದರು. ದಶಕಗಟ್ಟಲೆ ಹೊಡೆದಾಟ. ಕೊನೆಗೆ 1859ರಲ್ಲಿ ಮಹಾರಾಜರ ಆಜ್ಞೆ ಬಂತು. ಕುಪ್ಪಸ ತೊಡಬಹುದು. ಆದರೆ ಮೇಲ್ಜಾತಿ ಹೆಂಗಸರ ಹಾಗೆ ಮೇಲುಹೊದಿಕೆ ಹೊದೆಯುವಂತಿಲ್ಲ.

ಆ ಎರಡನೇ ಮಾತಿಗೆ ಸಿಕ್ಕಿಹಾಕಿಕೊಂಡೆ ಕಣೇ. ಬರೀ ಮಾನ ಮರ್ಯಾದೆಯ ವಿಷಯವಾಗಿದ್ದರೆ ಮುಚ್ಚಿಕೊಂಡರೆ ಮುಗಿಯಿತು, ಅಲ್ವಾ? 'ನಮ್ಮ ಹಾಗೆ' ಕಂಡುಬಿಟ್ಟರೆ ಅನ್ನೋದೇ ಅವರ ಹೊಟ್ಟೆಯುರಿ.

ಓದಿದಾಗ ನೆನಪಾದವಳು ನಮ್ಮಜ್ಜಿ. ನಿನಗೆ ಚಕ್ಕುಲಿ ಬಚ್ಚಿಟ್ಟು ಕೊಡುತ್ತಿದ್ದ ಅದೇ ಅಜ್ಜಿ. ತನ್ನ ಹಳೆಯ ಸೀರೆಗಳನ್ನು ಮನೆಗೆಲಸದವಳಿಗೆ ಕೊಡುತ್ತಿದ್ದಳು. ಧಾರಾಳ ಮನಸ್ಸಿನಿಂದಲೇ. ಆದರೆ ಅವಳು ಅದಕ್ಕೊಪ್ಪುವ ರವಿಕೆ ಹೊಲಿಸಿ, ನೀಟಾಗಿ ನೆರಿಗೆ ಹಿಡಿದು, ಹಬ್ಬದ ದಿನ ಬಾಗಿಲಲ್ಲಿ ನಿಂತರೆ ಅಜ್ಜಿಯ ಮುಖ ಸಣ್ಣಗಾಗುತ್ತಿತ್ತು. 'ಏನೇ, ಭಾರಿ ಆಗಿದೀಯ' ಅನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಆಮೇಲೆ ಕೆಲಸಕ್ಕೆ ಬರುವಾಗ ಆ ಸೀರೆ ಉಡುತ್ತಿರಲಿಲ್ಲ. ಅವಳಿಗೆ ಅದು ಅಜ್ಜಿಗಿಂತ, ನಿಜ ಹೇಳಬೇಕೆಂದರೆ ನನಗಿಂತ, ಜಾಸ್ತಿ ಒಪ್ಪುತ್ತಿತ್ತು. ಅದು ನನಗೆ ಆಗಲೇ ಗೊತ್ತಿತ್ತು. ಇಷ್ಟವಾಗುತ್ತಿರಲಿಲ್ಲ ಅನ್ನುವುದೂ ಗೊತ್ತಿತ್ತು.

ಅಯ್ಯೋ, ಇದನ್ನೆಲ್ಲ ಬರೆಯೋದಕ್ಕೆ ಕೂತಿರಲಿಲ್ಲ ಮಾರಾಯ್ತಿ. ಅತ್ತೆ ಓದಿದರೆ ಈ ಸಲದ ದೀಪಾವಳಿ ನಿನ್ನ ಮನೆಯಲ್ಲೇ.

ಕೇಳಬೇಕೆಂದಿದ್ದು ಇಷ್ಟೇ. ಮುಂದಿನ ತಿಂಗಳ ಮದುವೆಗೆ ನಿನ್ನ ಬದನೆಕಾಯಿ ಬಣ್ಣದ ಸೀರೆ ಕೊಡ್ತೀಯಾ? ಬರೀ ಸೀರೆ. ರವಿಕೆ ಬೇಡ, ನಿನ್ನ ರವಿಕೆಯಲ್ಲಿ ನನ್ನ ಒಂದು ತೋಳೂ ತೂರುವುದಿಲ್ಲ.