ದೂರು ಪತ್ರ: ಒಡೆದ ಕ್ಯಾನೊಪಿ, ಒದ್ದೆಯಾದ ಡೀಕಾಲ್

ನೀರ್ಚಾಲು, ಕಾಸರಗೋಡು ಜಿಲ್ಲೆ
5 ನವೆಂಬರ್ 2025

ಇವರಿಗೆ,
ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗಳು,
ಸ್ಕೇಲ್ ಮಾಡೆಲ್ ಆನ್‌ಲೈನ್ ಅಂಗಡಿ, ಬೆಂಗಳೂರು

ವಿಷಯ: ಒಡೆದು, ನೀರು ತಾಗಿ ಬಂದ 1/48 ಸ್ಕೇಲಿನ (ನಿಜವಾದದ್ದರ 48ರಲ್ಲಿ ಒಂದು ಪಾಲು ಅಳತೆಯ) ಮಿಗ್-21 ಎಫ್‌ಎಲ್ ಯುದ್ಧವಿಮಾನದ ಮಾಡೆಲ್ ಜೋಡಿಸುವ ಕಿಟ್ ಬಗ್ಗೆ

ಮಾನ್ಯರೇ,

ನಾನು 2019ರಿಂದ ನಿಮ್ಮ ಗ್ರಾಹಕ. ಈವರೆಗೆ ಏಳು ಕಿಟ್ ತರಿಸಿದ್ದೇನೆ. ಬಣ್ಣ, ಪುಟ್ಟಿ, ಏರ್‌ಬ್ರಷ್‌ನ ಸೂಜಿ ಕೂಡ ನಿಮ್ಮಲ್ಲಿಂದಲೇ. ಹೋದ ವರ್ಷ ಬಂದ 1/72ರ ನ್ಯಾಟ್ ವಿಮಾನವನ್ನು ನೀವು ಎಷ್ಟು ಚೆನ್ನಾಗಿ ಪ್ಯಾಕ್ ಮಾಡಿದ್ದಿರಿ ಅಂದರೆ, ಆ ರಟ್ಟಿನ ಪೆಟ್ಟಿಗೆಯನ್ನು ನಾನು ಇನ್ನೂ ಬಿಸಾಡಿಲ್ಲ. ಹಾಗಾಗಿ ಈ ಪತ್ರ ಬರೆಯಲು ಬೇಜಾರಾಗುತ್ತಿದೆ. ಆದರೆ ಬರೆಯದೆ ದಾರಿ ಇಲ್ಲ.

ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಮ್ಮ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತು. 1963ರಲ್ಲಿ ಸೇರಿದ ವಿಮಾನ, ಅರುವತ್ತೆರಡು ವರ್ಷದ ಸೇವೆ. ನನ್ನ ಸೋದರಮಾವ ಏರ್‌ಫೋರ್ಸ್‌ನಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವರು. ಅವರ ಕೈ ಮೊದಲು ಪಳಗಿದ್ದು ಇದೇ ವಿಮಾನದ ಎಫ್‌ಎಲ್ ಮಾದರಿಯಲ್ಲಿ. ಆ ದಿನ ಟಿವಿ ಮುಂದೆ ಕೂತವರು ಊಟಕ್ಕೂ ಏಳಲಿಲ್ಲ. ಬರುವ ಜನವರಿಯಲ್ಲಿ ಅವರಿಗೆ 75 ತುಂಬುತ್ತದೆ. ಅವರ ವಿಮಾನವನ್ನೇ ಮಾಡಿಕೊಡಬೇಕು ಎಂದು ಮಾರನೇ ದಿನವೇ, ಸೆಪ್ಟೆಂಬರ್ 27ಕ್ಕೆ, ನಿಮ್ಮಲ್ಲಿ ಆರ್ಡರ್ ಹಾಕಿದೆ. ಕಿಟ್‌ಗೆ 4,650 ರೂಪಾಯಿ, ಸಾಗಾಟಕ್ಕೆ 180. ಒಟ್ಟು 4,830 ಆಗಲೇ ಕಟ್ಟಿದ್ದೇನೆ.

ಪಾರ್ಸೆಲ್ ಬೆಂಗಳೂರಿನಿಂದ ಕೊಚ್ಚಿಗೆ ಹೋಗಿ, ಅಲ್ಲಿಂದ ಕಾಸರಗೋಡಿಗೆ ಹತ್ತಿ ಬಂತು. ಬರೋಬ್ಬರಿ ಹನ್ನೆರಡು ದಿನ. ತಡವಾದ್ದಕ್ಕೆ ನನ್ನ ದೂರಿಲ್ಲ. ಗಡಿಯಲ್ಲಿರುವ ನಮಗೆ ಅದು ಅಭ್ಯಾಸವಾಗಿದೆ. ಅಕ್ಟೋಬರ್ 9ರ ಸಂಜೆ ಶಾಲೆ ಬಿಟ್ಟು ಬರುವಾಗ ಪೇಟೆಯ ಅಂಗಡಿಯವರು ಕರೆದು ಕೊಟ್ಟರು. ಗುಡುಗು ಮಳೆ ಬಿಡದೆ ಹೊಡೆಯುತ್ತಿದ್ದ ವಾರ ಅದು. ಕಿಟ್‌ನ ಪೆಟ್ಟಿಗೆಯ ಮೇಲೆ ಹೊರಗಿನ ರಟ್ಟಿನ ಪೆಟ್ಟಿಗೆ ಇರಲಿಲ್ಲ. ಬಬಲ್‌ರ‍್ಯಾಪ್ ಇರಲಿಲ್ಲ. ಕುರಿಯರ್‌ನವರ ಒಂದು ತೆಳು ಪ್ಲಾಸ್ಟಿಕ್ ಕವರ್, ಅಷ್ಟೇ. ಅದೂ ಒಂದು ಮೂಲೆಯಲ್ಲಿ ಹರಿದಿತ್ತು. ಪೆಟ್ಟಿಗೆಯ ಬಲಮೂಲೆ ಅಪ್ಪಚ್ಚಿಯಾಗಿತ್ತು, ಮೇಲೆ ಏನೋ ಭಾರದ ವಸ್ತು ಕೂತ ಹಾಗೆ.

ಒಳಗಿನ ಬೂದು ಬಣ್ಣದ ಸ್ಪ್ರೂಗಳಿಗೆ, ಅಂದರೆ ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳಿಗೆ, ಏನೂ ಆಗಿಲ್ಲ. ಒಂದೆರಡು ಸಣ್ಣ ಭಾಗ ಕಳಚಿ ಬಿದ್ದಿದ್ದವು, ಅದೇನೂ ದೊಡ್ಡ ಸಂಗತಿಯಲ್ಲ. ಹಾಳಾದದ್ದು ಎರಡು: ಪಾರದರ್ಶಕ ಸ್ಪ್ರೂನಲ್ಲಿರುವ ಕ್ಯಾನೊಪಿ (ಪೈಲಟ್ ಕೂರುವ ಜಾಗದ ಮೇಲಿನ ಗಾಜಿನ ಮುಚ್ಚಳ) ಮತ್ತು ಡೀಕಾಲ್ (ಮೈಮೇಲೆ ಅಂಟಿಸುವ ಗುರುತುಗಳ) ಹಾಳೆ. ನನ್ನ ದುರದೃಷ್ಟಕ್ಕೆ, ನಾನು ಎಷ್ಟು ಕಷ್ಟಪಟ್ಟರೂ ಸರಿಮಾಡಲಾಗದ ಭಾಗಗಳೂ ಇವೆರಡೇ.

ಕ್ಯಾನೊಪಿಯಲ್ಲಿ 11 ಮಿಲಿಮೀಟರ್ ಉದ್ದದ ಬಿರುಕು ಇದೆ. ಚೌಕಟ್ಟಿನ ಬುಡದಿಂದ ಶುರುವಾಗಿ ಪೈಲಟ್‌ನ ತಲೆ ಬರುವ ಜಾಗದವರೆಗೆ ಓರೆಯಾಗಿ ಹೋಗಿದೆ. ಟೇಬಲ್ ಲ್ಯಾಂಪಿಗೆ ಹಿಡಿದರೆ ಬಿರುಕಿನ ಉದ್ದಕ್ಕೂ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಅಂದರೆ ಅದು ಮೇಲಿನ ಗೀರಲ್ಲ, ಒಳಗಿನವರೆಗೂ ಒಡೆದಿದೆ.

ಅಕ್ಟೋಬರ್ 17ರಂದು ಫೋನಿನಲ್ಲಿ ನಿಮ್ಮ ಸಿಬ್ಬಂದಿ ಹೇಳಿದ್ದು ಹೀಗೆ: "ಸಣ್ಣ ಬಿರುಕು ಅಲ್ವಾ ಸಾರ್, ಸ್ವಲ್ಪ ಅಂಟು ಹಾಕಿದ್ರೆ ಸರಿಹೋಗುತ್ತೆ." ಮಾಡೆಲ್ ಕಿಟ್ ಮಾರುವ ಅಂಗಡಿಯಿಂದ ಈ ಮಾತು ಬಂತಲ್ಲ ಎಂಬುದೇ ನನಗೆ ಜಾಸ್ತಿ ನೋವು ಕೊಟ್ಟಿತು. ನಾನು ಗಣಿತದ ಮೇಷ್ಟ್ರು. ಅನುಪಾತದ ಪಾಠಕ್ಕೆ ಮಕ್ಕಳ ಮುಂದೆ ಮಾಡೆಲ್ ಇಟ್ಟೇ ಲೆಕ್ಕ ಮಾಡಿಸುತ್ತೇನೆ. ನಿಜವಾದ ಮಿಗ್-21ರ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 7.15 ಮೀಟರ್. 48ರಿಂದ ಭಾಗಿಸಿದರೆ ಹದಿನೈದು ಸೆಂಟಿಮೀಟರ್ ಕೂಡ ತುಂಬುವುದಿಲ್ಲ. ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಈ 11 ಮಿಲಿಮೀಟರ್ ಬಿರುಕು ನಿಜವಾದ ವಿಮಾನದ ಗಾಜಿನಲ್ಲಿ 52 ಸೆಂಟಿಮೀಟರ್‌ಗಿಂತ ಉದ್ದ. ಅಂಥ ಬಿರುಕಿರುವ ವಿಮಾನವನ್ನು ನನ್ನ ಮಾವ ಹ್ಯಾಂಗರ್‌ನಿಂದ ಹೊರಗೆ ಬಿಡುತ್ತಿರಲಿಲ್ಲ.

ಅಂಟಿನ ವಿಷಯ ನಿಮಗೆ ಗೊತ್ತಿಲ್ಲದ್ದೇನಲ್ಲ. ನಾವು ಬಳಸುವ ಮಾಡೆಲ್ ಅಂಟು (ಸಿಮೆಂಟ್ ಅನ್ನುತ್ತೇವೆ) ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಬೂದು ಭಾಗದಲ್ಲಿ ಅದು ವರ. ಪಾರದರ್ಶಕ ಭಾಗಕ್ಕೆ ತಾಗಿದರೆ ಅಲ್ಲಿ ಮಸುಕು ಕಲೆ ಕೂತುಬಿಡುತ್ತದೆ. ಸೂಪರ್‌ಗ್ಲೂ ಹಾಕಿದರೆ ಅದರ ಆವಿಯೇ ಬಿಳಿ ಪೊರೆ ಕಟ್ಟುತ್ತದೆ. ಬಿಳಿ ಅಂಟು ಕ್ಯಾನೊಪಿಯನ್ನು ವಿಮಾನಕ್ಕೆ ಕೂರಿಸಲು ಒಳ್ಳೆಯದು, ಆದರೆ ಬಿರುಕನ್ನು ಮುಚ್ಚುವುದಿಲ್ಲ. ರೆಕ್ಕೆ ಒಡೆದಿದ್ದರೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಯಾರಿಗೂ ಗೊತ್ತಾಗದ ಹಾಗೆ ಮಾಡುತ್ತಿದ್ದೆ. ನಿಮಗೆ ಪತ್ರವೂ ಬರುತ್ತಿರಲಿಲ್ಲ. ಗೀರಾಗಿದ್ದರೂ ನಯವಾದ ಸ್ಯಾಂಡ್‌ಪೇಪರ್‌ನಿಂದ ತೇಯ್ದು ಪಾಲಿಶ್ ಮಾಡುತ್ತಿದ್ದೆ. ಒಡೆದ ಗಾಜಿಗೆ ಇದ್ಯಾವುದೂ ಆಗುವುದಿಲ್ಲ.

ಆಮೇಲೆ ನೀವು ಅಕ್ಟೋಬರ್ 24ರ ಇಮೇಲ್‌ನಲ್ಲಿ, ಸ್ಟಾಕಿನಲ್ಲಿರುವ ಮಿಗ್-21 ಎಂಎಫ್ ಕಿಟ್‌ನ ಕ್ಯಾನೊಪಿ ಕಳಿಸುತ್ತೇವೆ, ಎರಡೂ ಒಂದೇ ವಿಮಾನ ಅಲ್ವಾ ಎಂದಿರಿ. ಒಂದೇ ಅಲ್ಲ. ಎಫ್‌ಎಲ್‌ನಲ್ಲಿ ಮುಂದಿನ ಗಾಜೂ ಕ್ಯಾನೊಪಿಯೂ ಒಂದೇ ತುಂಡು. ಮುಂದೆ ಹಿಂಜ್ ಇದ್ದು, ಹಿಂದಿನ ತುದಿ ಮೇಲಕ್ಕೆ ಏಳುತ್ತದೆ. ಎಂಎಫ್‌ನಲ್ಲಿ ಮುಂದಿನ ಗಾಜು ಬೇರೆ, ಅದು ಅಲ್ಲೇ ಇರುತ್ತದೆ. ಹಿಂದಿನ ಕ್ಯಾನೊಪಿ ಮಾತ್ರ ಬಲಪಕ್ಕಕ್ಕೆ ತೆರೆಯುತ್ತದೆ. ಇದನ್ನು ನಾನು ಪುಸ್ತಕ ನೋಡಿ ಕಲಿತದ್ದಲ್ಲ. ದೀಪಾವಳಿಗೆ ಮನೆಗೆ ಬಂದ ಮಾವ ಊಟದ ಎಲೆಯ ಮುಂದೆ ಕೂತು ಎರಡೂ ಕೈ ಜೋಡಿಸಿ, ಬೆರಳ ತುದಿ ಮುಂದಕ್ಕಿಟ್ಟು, ಮಣಿಕಟ್ಟನ್ನು ಮೇಲೆತ್ತಿ ತೋರಿಸಿದರು. "ಹೀಂಗೆ ಏಳ್ತು ಮಾಣೀ, ಮುಂದಾಣ ಹೊಡೆಂಗೆ." ಮಾಡೆಲ್‌ನಲ್ಲೂ ಹಾಗೇ ತೆರೆದಿಡಬೇಕು ಎಂದು ನಾನು ಅಂದುಕೊಂಡಿದ್ದೂ ಅದಕ್ಕೇ. ಅವರ ಮುಂದೆ ಎಂಎಫ್‌ನ ಗಾಜು ಹೊತ್ತ ಎಫ್‌ಎಲ್ ಇಡಲು ನನ್ನಿಂದ ಆಗದು.

ಇನ್ನು ಡೀಕಾಲ್. ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಕಾಗದದಿಂದ ಮೆಲ್ಲ ಜಾರಿಸಿ ಕೂರಿಸುವಂಥವು ಇವು. ಆ ಕೆಲಸವನ್ನು ಮಳೆನೀರು ಪೆಟ್ಟಿಗೆಯೊಳಗೇ ಮಾಡಿ ಮುಗಿಸಿದೆ. ಒಂದು ಕೇಸರಿ-ಬಿಳಿ-ಹಸಿರು ಚಕ್ರ ಅರ್ಧ ಜಾರಿ, ಮಡಚಿ, ತನಗೆ ತಾನೇ ಅಂಟಿಕೊಂಡಿದೆ. ಇನ್ನೊಂದು ಮೇಲೆ ಮುಚ್ಚಿದ್ದ ತೆಳು ಕಾಗದಕ್ಕೆ ಅಂಟಿದೆ. ಬಾಲದ ತ್ರಿವರ್ಣ ಪಟ್ಟಿಯ ಹಸಿರಿನ ಅಂಚು ಸುರುಟಿದೆ. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರಗಳ ಸ್ಟೆನ್ಸಿಲ್‌ಗಳಂತೂ ಎಲ್ಲಿ ಹೋದವೋ ಗೊತ್ತಾಗುವುದಿಲ್ಲ. ನಮ್ಮ ವಾಯುಪಡೆಯ ಎಫ್‌ಎಲ್‌ಗಳು ಮೊದಲು ಬಂದದ್ದು ಬಣ್ಣವಿಲ್ಲದ ಲೋಹದ ಮೈಯಲ್ಲಿ. ಅಂಥ ಹೊಳೆಯುವ ಮೈಮೇಲೆ ಡೀಕಾಲ್‌ನ ಒಂದು ಸುಕ್ಕು ಕೂಡ ಎದ್ದು ಕಾಣುತ್ತದೆ.

ಇದೆಲ್ಲವನ್ನೂ ಅಕ್ಟೋಬರ್ 9ರ ರಾತ್ರಿಯೇ ಹದಿನಾಲ್ಕು ಫೋಟೋ ಸಮೇತ ನಿಮಗೆ ಬರೆದೆ. ಐದು ದಿನದ ಮೇಲೆ ಉತ್ತರ ಬಂತು: ಪೆಟ್ಟಿಗೆ ಬಿಚ್ಚುವಾಗಿನ ವಿಡಿಯೋ ಇಲ್ಲದಿದ್ದರೆ ದೂರು ಪರಿಗಣಿಸಲಾಗುವುದಿಲ್ಲ. ಆರ್ಡರ್ ಖಾತರಿಯ ಸಂದೇಶದಲ್ಲಾಗಲಿ, ಬಿಲ್‌ನಲ್ಲಾಗಲಿ ಈ ಷರತ್ತು ಎಲ್ಲೂ ಇಲ್ಲ. ಹರಿದ ಕವರಿನ ಫೋಟೋದಲ್ಲಿ ನಿಮ್ಮದೇ ಲೇಬಲ್, ಆರ್ಡರ್ ನಂಬರ್ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕಿಂತ ಹೆಚ್ಚಿನ ಸಾಕ್ಷಿ ಇನ್ನೇನು ಬೇಕು?

ಕೊನೆಗೆ ಹೇಳಿದ್ದು, ಕೇರಳದ ಪಿನ್‌ಕೋಡ್‌ಗೆ ವಾಪಸ್ ಪಡೆಯುವ ಸೌಲಭ್ಯ ಇಲ್ಲ ಎಂದು. ಮಾರುವಾಗ ಈ ಪಿನ್‌ಕೋಡ್ ಅಡ್ಡ ಬಂದಿರಲಿಲ್ಲ. ತಲಪಾಡಿ ಗಡಿಯ ಆಚೆ, ಮಂಗಳೂರಿನಲ್ಲಿರುವ ನನ್ನ ಸ್ನೇಹಿತರ ಮನೆಗೆ ಬಂದು ನೀವು ತಪ್ಪು ಬಣ್ಣದ ಬಾಟಲಿ ವಾಪಸ್ ಒಯ್ದಿದ್ದೀರಿ. ನಾವು ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲೇ ಪಾಠ ಮಾಡಿ, ಬೆಂಗಳೂರಿನ ಅಂಗಡಿ ಎಂದು ಪ್ರೀತಿಯಿಂದ ನಿಮ್ಮಲ್ಲಿಗೆ ಬರುವವರು. ಹಾಳಾದ ಸಾಮಾನಿನ ವಿಷಯ ಬಂದಾಗ ಮಾತ್ರ ನಾವು ಹೊರರಾಜ್ಯದವರಾಗುವುದು ಸರಿಯಲ್ಲ.

ನನಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಎಫ್‌ಎಲ್ ಕಿಟ್‌ನದೇ ಪಾರದರ್ಶಕ ಸ್ಪ್ರೂ ಒಂದು, ಡೀಕಾಲ್ ಹಾಳೆ ಒಂದು ತರಿಸಿ ಕಳಿಸಿ. ಇಡೀ ಕಿಟ್ ಬದಲಿಸಬೇಕಾಗಿಲ್ಲ. ಅದಾಗದಿದ್ದರೆ 4,830 ರೂಪಾಯಿ ಪೂರ್ತಿ ವಾಪಸ್ ಕೊಡಿ. ಇಲ್ಲಿಂದ ಪಿಕಪ್ ಕಷ್ಟವಾದರೆ, ನಾನೇ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಕಿಟ್ಟನ್ನು ಕುರಿಯರ್‌ಗೆ ಹಾಕುತ್ತೇನೆ. ಕುರಿಯರ್ ಖರ್ಚು ಮಾತ್ರ ನಿಮ್ಮದು.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ ಸಾಮಾನನ್ನು ವಾಪಸ್ ಪಡೆಯುವುದಿಲ್ಲ ಎನ್ನುವ ಹಾಗಿಲ್ಲ. ಮೊದಲನೆಯದು ಆಗಲೇ ತಪ್ಪಿದೆ. ನನ್ನ ದೂರಿಗೆ ನವೆಂಬರ್ 9ಕ್ಕೆ ತಿಂಗಳು ತುಂಬುತ್ತದೆ. ಅಷ್ಟರಲ್ಲಿ ಒಂದು ಖಚಿತ ಉತ್ತರ ಬಾರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇನೆ. ಅದರಿಂದಲೂ ಆಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಂತೆ ನಾನಿರುವ ಊರಿನಲ್ಲೇ ದೂರು ಕೊಡಬಹುದು. ಅಲ್ಲಿವರೆಗೆ ಹೋಗುವ ಆಸೆ ನನಗಿಲ್ಲ.

ಮತ್ತೆ ಕಳಿಸುವಾಗ ದಯವಿಟ್ಟು ಡೀಕಾಲ್ ಹಾಳೆಯನ್ನು ಜಿಪ್ ಕವರಿಗೆ ಹಾಕಿ, ಎರಡು ರಟ್ಟಿನ ನಡುವೆ ಇಡಿ. ಪಾರದರ್ಶಕ ಸ್ಪ್ರೂವನ್ನು ಬಬಲ್‌ರ‍್ಯಾಪಿನಲ್ಲಿ ಸುತ್ತಿ, ಗಟ್ಟಿ ಪೆಟ್ಟಿಗೆಯಲ್ಲಿ ಹಾಕಿ. ಇಲ್ಲಿ ಈಗಲೂ ಸಂಜೆಯಾದರೆ ಮಳೆ. ಕಾಕ್‌ಪಿಟ್‌ಗೆ ಬಣ್ಣ ಹೊಡೆದು ಒಣಗಲು ಇಟ್ಟಿದ್ದೇನೆ, ರೆಕ್ಕೆಗಳನ್ನೂ ಜೋಡಿಸಿ ಆಯಿತು. ನವೆಂಬರ್ ಒಳಗೆ ಈ ಎರಡು ಭಾಗ ಕೈಸೇರಿದರೆ ಜನವರಿಗೆ ಮುಗಿಸಬಲ್ಲೆ. ಹದಿನಾಲ್ಕು ಫೋಟೋ, ಬಿಲ್ ಮತ್ತು ನಿಮ್ಮ ಎರಡು ಇಮೇಲ್‌ಗಳ ಪ್ರತಿ ಇದರ ಜೊತೆಗಿವೆ. ಫೋನ್ ಮಾಡುವುದಿದ್ದರೆ ಸಂಜೆ ಐದರ ಮೇಲೆ ಮಾಡಿ, ಅಲ್ಲಿವರೆಗೆ ಕ್ಲಾಸಿನಲ್ಲಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ನೀರ್ಚಾಲಿನ ಗಣಿತ ಅಧ್ಯಾಪಕ